ಕುಂಟುವ ಎತ್ತು ಹೇಳುವ ಮಾತು

ನ್ಯಾಮತಿ ತಾಲೂಕಿನ ಹಳ್ಳಿಯೊಂದರಿಂದ ಪತ್ರ ಬಂದಿದೆ. ಬರೆದವನು ದ್ವಿತೀಯ ಪಿಯುಸಿ ಓದುವ ಹುಡುಗ. ಮನೆಯಲ್ಲಿ ಒಂದು ಜೊತೆ ಎತ್ತುಗಳಿವೆ. ಅವುಗಳಲ್ಲಿ ಒಂದು ದೀಪಾವಳಿಯಿಂದೀಚೆಗೆ ಬಲಗಡೆಯ ಹಿಂಗಾಲನ್ನು ಎಳೆದು ಹಾಕುತ್ತಿದೆ. ಬೆಳಿಗ್ಗೆ ಎದ್ದಾಗ ಕಾಲು ಹಿಂದಕ್ಕೆ ಚಾಚಿಕೊಂಡು ಹಾಗೇ ನಿಂತುಬಿಡುತ್ತದೆ. ನಾಲ್ಕು ಹೆಜ್ಜೆ ನೆಲಕ್ಕೆ ಉಜ್ಜಿಕೊಂಡು ಹೋದ ಮೇಲೆ ಒಮ್ಮೆ ಝಾಡಿಸಿದಂತೆ ಮುಂದಕ್ಕೆ ಬರುತ್ತದೆ. ಅಜ್ಜ ಪಕ್ಕದೂರಿನ ಉಳುಕು ತೆಗೆಯುವವರನ್ನು ಕರೆಸೋಣ ಎನ್ನುತ್ತಾರೆ. ಬಗ್ಗದಿದ್ದರೆ ಬರೆ ಹಾಕಿಸುವುದು ಎಂದೂ ಹೇಳಿದ್ದಾರೆ. ಅಪ್ಪ ಸಂತೆಗೆ ಹೊಡೆದುಬಿಡೋಣ ಎನ್ನುತ್ತಾರೆ. ಹುಡುಗನಿಗೆ ಎರಡೂ ಇಷ್ಟವಿಲ್ಲ. ಅವನು ಫೋನಿನಲ್ಲಿ ಒಂದು ವಿಡಿಯೋ ನೋಡಿದ್ದಾನೆ. ಅದರಲ್ಲಿ ವಿದೇಶದ ವೈದ್ಯರೊಬ್ಬರು ಸ್ಟೂಲಿನ ಮೇಲೆ ನಿಂತು ಕುದುರೆಯ ಬೆನ್ನನ್ನು ಎರಡೂ ಕೈಯಿಂದ ಒತ್ತುತ್ತಾರೆ, ಕುತ್ತಿಗೆಯನ್ನು ತಿರುವುತ್ತಾರೆ, 'ಟಕ್' ಎಂದು ಶಬ್ದ ಬರುತ್ತದೆ, ಕುದುರೆ ಆರಾಮವಾಗಿ ಬಾಯಿ ಚಪ್ಪರಿಸುತ್ತದೆ. 'ಇದನ್ನು ನಮ್ಮ ಎತ್ತಿಗೆ ಮಾಡಬಹುದೇ? ನಾನೇ ಕಲಿತು ಮಾಡಿದರೆ ತಪ್ಪೇನು?' ಎಂದು ಕೇಳಿದ್ದಾನೆ.

ಒಂದು ಎತ್ತಿನ ಕಾಲು, ಒಂದು ಮನೆಯಲ್ಲಿ ಮೂರು ಅಭಿಪ್ರಾಯ. ನಮ್ಮ ಕಡೆಯ ಎಷ್ಟೋ ಮನೆಗಳ ಕಥೆ ಇದು. ಹುಡುಗ ಕೇಳಿದ ಪ್ರಶ್ನೆಯಿಂದಲೇ ಆರಂಭಿಸೋಣ.

ವಿಡಿಯೋದಲ್ಲಿ ಅವನು ನೋಡಿದ ಚಿಕಿತ್ಸೆಗೆ ಕೈರೋಪ್ರ್ಯಾಕ್ಟಿಕ್ ಎಂದು ಹೆಸರು. ಗ್ರೀಕ್ ಭಾಷೆಯಲ್ಲಿ ಅದರ ಅರ್ಥ 'ಕೈಯಿಂದ ಮಾಡುವುದು'. ಔಷಧವಿಲ್ಲ, ಶಸ್ತ್ರಕ್ರಿಯೆ ಇಲ್ಲ. ಬೆನ್ನುಮೂಳೆಯ ಕೀಲುಗಳನ್ನು ಕೈಯಿಂದ ಚುರುಕಾಗಿ ಒತ್ತಿ ಸಡಿಲಗೊಳಿಸುವ ವಿಧಾನ. ಇದನ್ನು ಹುಟ್ಟುಹಾಕಿದವನು ಡಿ.ಡಿ. ಪಾಮರ್. ಅವನು ಅಮೆರಿಕದ ಅಯೋವಾ ರಾಜ್ಯದ ಡಾವೆನ್‌ಪೋರ್ಟ್ ಎಂಬ ಊರಿನಲ್ಲಿ ಅಯಸ್ಕಾಂತ ಶಕ್ತಿಯ ಹೆಸರಿನಲ್ಲಿ ಚಿಕಿತ್ಸೆ ಮಾಡುತ್ತಿದ್ದ. 1895ರ ಸೆಪ್ಟೆಂಬರ್‌ನಲ್ಲಿ ತನ್ನ ಕಟ್ಟಡದಲ್ಲಿ ಕಸ ಗುಡಿಸುವ ಕೆಲಸಕ್ಕಿದ್ದ ಹಾರ್ವೆ ಲಿಲ್ಲಾರ್ಡ್ ಎಂಬಾತನ ಬೆನ್ನಿನ ಉಬ್ಬೊಂದನ್ನು ಒತ್ತಿದಾಗ ಅವನಿಗೆ ಎಷ್ಟೋ ವರ್ಷಗಳಿಂದ ಇದ್ದ ಕಿವುಡು ಹೋಯಿತು ಎಂದು ಪಾಮರ್ ಹೇಳಿಕೊಂಡ. ಅಲ್ಲಿಂದ ಒಂದು ಸಿದ್ಧಾಂತವೇ ಬೆಳೆಯಿತು. ನೂರರಲ್ಲಿ ತೊಂಬತ್ತೈದು ರೋಗಗಳಿಗೆ ಬೆನ್ನುಮೂಳೆಯ ಮಣಿಗಳು ಜಾರಿರುವುದೇ ಕಾರಣ ಎಂದು ಅವನು ಸಾರಿದ.

ವಿಜ್ಞಾನ ಓದುವ ಮಕ್ಕಳು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಶ್ರವಣದ ನರ ಒಳಕಿವಿಯಿಂದ ನೇರವಾಗಿ ಮಿದುಳಿಗೆ ಹೋಗುತ್ತದೆ. ಅದು ಬೆನ್ನಿನ ಮಣಿಗಳ ನಡುವೆ ಹಾದುಬರುವುದೇ ಇಲ್ಲ. ಹಾಗಿರುವಾಗ ಬೆನ್ನು ಒತ್ತಿದರೆ ಕಿವಿ ಕೇಳಿಸುವುದು ಹೇಗೆ? ಪಾಮರ್‌ನ ದೊಡ್ಡ ಸಿದ್ಧಾಂತವನ್ನು ಇಂದಿನ ಶರೀರಶಾಸ್ತ್ರ ಒಪ್ಪುವುದಿಲ್ಲ. ಹಾಗೆಂದು ಆ ವಿಧಾನದಲ್ಲಿ ಏನೂ ಹುರುಳಿಲ್ಲ ಎಂದೂ ಅಲ್ಲ. ಮನುಷ್ಯರ ಕೆಲವು ಬಗೆಯ ಸೊಂಟನೋವಿಗೆ ಕೈಯಿಂದ ಮಾಡುವ ಈ ಚಿಕಿತ್ಸೆಯಿಂದ ಸ್ವಲ್ಪ ಮಟ್ಟಿಗೆ ಆರಾಮ ಸಿಗುತ್ತದೆ.

ಪ್ರಾಣಿಗಳ ವಿಷಯದಲ್ಲಿ ಇದು ಸಂಘಟಿತ ರೂಪ ಪಡೆದದ್ದು ಈಚೆಗೆ. 1989ರಲ್ಲಿ ಅಮೆರಿಕದಲ್ಲಿ ಪಶುವೈದ್ಯ ಕೈರೋಪ್ರ್ಯಾಕ್ಟಿಕ್ ಸಂಘ ಸ್ಥಾಪನೆಯಾಯಿತು. ಹೆಚ್ಚಾಗಿ ಪಂದ್ಯದ ಕುದುರೆಗಳಿಗೆ, ಸಾಕುನಾಯಿಗಳಿಗೆ ಈ ಚಿಕಿತ್ಸೆ ನಡೆಯುತ್ತದೆ. ಪ್ರಾಣಿಗಳಿಗೆ ಮಾಡುವ ಇಂತಹ ಕೈಚಿಕಿತ್ಸೆಗಳ ಬಗೆಗಿನ ಅಧ್ಯಯನಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡಿದ ವಿಮರ್ಶೆಯೊಂದು 2021ರಲ್ಲಿ ಪ್ರಕಟವಾಯಿತು. ಕುದುರೆಗಳ ಬೆನ್ನುನೋವು, ಬೆನ್ನಿನ ಬಿಗಿತಗಳಲ್ಲಿ ಒಂದಿಷ್ಟು ಅನುಕೂಲ ಕಂಡಿದ್ದರೂ ಆಧಾರ ಇನ್ನೂ ತೆಳುವಾಗಿದೆ ಎಂಬುದು ಅದರ ಸಾರ. ಉಳುವ ಎತ್ತುಗಳ ಮೇಲೆ ನಡೆದ ಪರೀಕ್ಷೆಗಳ ಬಲವಂತೂ ಅದಕ್ಕಿಲ್ಲ.

ಆ 'ಟಕ್' ಶಬ್ದದ ಬಗ್ಗೆಯೂ ಒಂದು ಮಾತು. ಜಾರಿದ ಮೂಳೆ ತನ್ನ ಜಾಗಕ್ಕೆ ಕೂತ ಶಬ್ದ ಅದು ಎಂದು ಎಲ್ಲರೂ ತಿಳಿಯುತ್ತಾರೆ. ಹಾಗಲ್ಲ. ಕೀಲಿನೊಳಗೆ ಎಣ್ಣೆಯಂತಹ ದ್ರವವಿದೆ. ಕೀಲನ್ನು ಥಟ್ಟನೆ ಎಳೆದಾಗ ಆ ದ್ರವದಲ್ಲಿ ಅನಿಲದ ಪೊಳ್ಳು ಉಂಟಾಗುತ್ತದೆ. ಅದರ ಶಬ್ದ ಅದು. 2015ರಲ್ಲಿ ಕೆನಡಾದ ಸಂಶೋಧಕರು ಬೆರಳ ನೆಟಿಕೆ ತೆಗೆಯುವುದನ್ನು ಎಂಆರ್‌ಐ ಯಂತ್ರದಲ್ಲಿ ಚಿತ್ರೀಕರಿಸಿ ಇದನ್ನು ತೋರಿಸಿದರು. ನೆಟಿಕೆ ಮುರಿದಾಗ ಬೆರಳು ಹಗುರವಾದಂತೆ ಅನಿಸುವುದು ನಿಜ. ಆದರೆ ಯಾವ ಮೂಳೆಯೂ ಜಾರಿರಲಿಲ್ಲ, ಯಾವುದೂ ಕೂರಲೂ ಇಲ್ಲ.

ಇನ್ನು ನಮ್ಮ ಎತ್ತಿನ ಬೆನ್ನು. ಕುತ್ತಿಗೆಯಲ್ಲಿ 7 ಮಣಿಗಳು. ನಮಗೂ ಏಳೇ, ಜಿರಾಫೆಗೂ ಏಳೇ. ಎದೆಯ ಭಾಗದಲ್ಲಿ ಎತ್ತಿಗೆ 13, ನಮಗೆ 12. ಸೊಂಟದಲ್ಲಿ ಎತ್ತಿಗೆ 6, ನಮಗೆ 5. ಅಲ್ಲಿಂದ ಹಿಂದಕ್ಕೆ ಒಂದಕ್ಕೊಂದು ಬೆಸೆದುಕೊಂಡ 5 ಮಣಿಗಳು, ಆಮೇಲೆ ಬಾಲ. ಈ ಸಾಲಿನ ಎರಡೂ ಪಕ್ಕ ತೋಳಿನ ಗಾತ್ರದ ಸ್ನಾಯುಗಳ ಹೊದಿಕೆ. ಹೊಲದಲ್ಲಿ ನೇಗಿಲೆಳೆದರೂ ಅಲುಗದ ಆ ಮಣಿಗಳು ಸುಮ್ಮನೆ ಜಾರುವುದಿಲ್ಲ. ನಿಜವಾಗಿ ಜಾರಿದರೆ ಅದು ಬೆನ್ನುಹುರಿಗೆ ಪೆಟ್ಟಾಗುವ ಅಪಘಾತ, ಹುಡುಗನೊಬ್ಬ ಒತ್ತಿ ಸರಿಪಡಿಸುವಂಥದ್ದಲ್ಲ. ನಾಯಿಗಳಲ್ಲಂತೂ ಮಣಿಗಳ ನಡುವಣ ಮೆತ್ತೆ ಹೊರಚಾಚಿ ಬೆನ್ನುಹುರಿಯನ್ನು ಒತ್ತುವ ಕಾಯಿಲೆ ಉಂಟು. ಅಂತಹ ನಾಯಿಯ ಕುತ್ತಿಗೆ ತಿರುವಿದರೆ ನಾಲ್ಕೂ ಕಾಲು ಬಿದ್ದುಹೋಗುವ ಅಪಾಯವಿದೆ.

ಅಜ್ಜನ ಉಳುಕು ತೆಗೆಯುವವರ ವಿಷಯಕ್ಕೆ ಬರೋಣ. ಅವರನ್ನು ಹಗುರವಾಗಿ ಕಾಣಬಾರದು. ದನದ ಆಸ್ಪತ್ರೆಗಳು ಇಲ್ಲದ ಕಾಲದಲ್ಲಿ ಊರನ್ನು ನಡೆಸಿದ್ದು ಇವರ ಕೈಗಳೇ. ಎಲ್ಲಿ ಬಿಸಿಯಿದೆ, ಎಲ್ಲಿ ಮುಟ್ಟಿದರೆ ಚರ್ಮ ನಡುಗುತ್ತದೆ ಎಂಬುದು ಅವರ ಬೆರಳಿಗೆ ಗೊತ್ತಿರುತ್ತದೆ. ನಾಟಿ ತಿಳಿವಳಿಕೆಯಲ್ಲಿ ಪರೀಕ್ಷೆಗೆ ನಿಂತು ಗೆದ್ದದ್ದೂ ಇದೆ. ಲೋಳೆಸರ, ಅರಿಶಿನ, ಸುಣ್ಣ ಮೂರನ್ನೂ ಅರೆದು ಕೆಚ್ಚಲಬಾವಿಗೆ ಹಚ್ಚುವ ಮದ್ದನ್ನು ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯೇ ಇಂದು ಹೈನುಗಾರರಿಗೆ ಹೇಳಿಕೊಡುತ್ತಿದೆ.

ಆದರೆ ಕೈಗೆ ಸಿಕ್ಕ ಯಶಸ್ಸು ಯಾವಾಗಲೂ ಕೈಯದೇ ಆಗಿರುವುದಿಲ್ಲ. ಒಂದು ಉದಾಹರಣೆ: ಮೂರು ದಿನದ ಜ್ವರ. ಸೊಳ್ಳೆಯಂತಹ ಕಚ್ಚುವ ಕೀಟಗಳಿಂದ ಹರಡುವ ವೈರಸ್ ಕಾಯಿಲೆ ಇದು. ನಿನ್ನೆ ಚೆನ್ನಾಗಿದ್ದ ದನ ಇಂದು ಮೈ ಬಿಸಿಯಾಗಿ, ನಡುಗಿ, ಕುಂಟುತ್ತದೆ. ಬೆಳಿಗ್ಗೆ ಒಂದು ಕಾಲು, ಸಂಜೆ ಇನ್ನೊಂದು ಕಾಲು. ಮೂರನೆಯ ದಿನ ಹೆಚ್ಚಿನವು ತಾವಾಗಿಯೇ ಎದ್ದು ಮೇಯತೊಡಗುತ್ತವೆ. ಎರಡನೆಯ ದಿನ ಯಾರಾದರೂ ಉಳುಕು ತೆಗೆದಿದ್ದರೆ? ಕೀರ್ತಿ ಅವರಿಗೆ. ಮಂತ್ರ ಹಾಕಿದ್ದರೆ ಮಂತ್ರಕ್ಕೆ, ವಿಡಿಯೋ ನೋಡಿ ಬೆನ್ನು ಒತ್ತಿದ್ದರೆ ವಿಡಿಯೋಗೆ. ಒಂದಾದ ಮೇಲೆ ಇನ್ನೊಂದು ನಡೆಯಿತು ಎಂದ ಮಾತ್ರಕ್ಕೆ ಒಂದರಿಂದಲೇ ಇನ್ನೊಂದು ನಡೆಯಿತು ಎಂದಾಗುವುದಿಲ್ಲ. ಈ ಒಂದು ಪಾಠ ಮನಸ್ಸಿಗೆ ಹತ್ತಿದರೆ ಪಿಯುಸಿಯ ವಿಜ್ಞಾನ ಅರ್ಧ ಕಲಿತಂತೆ.

ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಸಂಗತಿಯಿದೆ. ಚಿಕಿತ್ಸೆ ನಿಜವಾಗಿಯೂ ಫಲ ಕೊಟ್ಟಿರಬಹುದು, ಆದರೂ ಕೊಟ್ಟ ಕಾರಣ ತಪ್ಪಾಗಿರಬಹುದು. ಇದಕ್ಕೆ ಚನ್ನಗಿರಿ ಕಡೆಯ ಕೊಟ್ಟಿಗೆಗೆ ಹೋಗೋಣ. ಅಡಿಕೆ ತೋಟದ ಮನೆಯಲ್ಲಿ ಚೆನ್ನಾಗಿ ಹಾಲು ಕರೆಯುವ ಮಿಶ್ರತಳಿ ಹಸು ಕರು ಹಾಕಿ ಒಂದು ದಿನವಾಗಿದೆ. ಎದ್ದೇಳುತ್ತಿಲ್ಲ. ಕುತ್ತಿಗೆ ಪಕ್ಕೆಯ ಕಡೆ ತಿರುಗಿಸಿಕೊಂಡು ಮಲಗಿದೆ, ಕಿವಿ ತಣ್ಣಗಾಗಿದೆ. ಕರು ಹಾಕುವಾಗ ಸೊಂಟ ಜಾರಿತು ಎಂದು ಮನೆಯವರು ಎಣ್ಣೆ ಹಚ್ಚಿ ನೀವುತ್ತಾರೆ, ನಾಲ್ಕು ಜನ ಸೇರಿ ಎತ್ತಿ ನಿಲ್ಲಿಸಲು ನೋಡುತ್ತಾರೆ. ಸೊಂಟಕ್ಕೆ ಏನೂ ಆಗಿಲ್ಲ. ಒಮ್ಮೆಗೇ ಹಾಲು ಇಳಿದು ರಕ್ತದಲ್ಲಿ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಕುಸಿದಿದೆ. ಇದಕ್ಕೆ ಹಾಲುಜ್ವರ ಎನ್ನುತ್ತಾರೆ. ಹೆಸರು ಜ್ವರವಾದರೂ ಮೈ ತಣ್ಣಗಿರುತ್ತದೆ. ವೈದ್ಯರು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಟ್ಟರೆ ಎಷ್ಟೋ ಹಸುಗಳು ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತವೆ. ಅವಸರದಲ್ಲಿ ಕೊಟ್ಟರೆ ಹೃದಯವೇ ನಿಲ್ಲಬಹುದು, ಆದ್ದರಿಂದ ಅದು ಬಲ್ಲವರ ಕೆಲಸ.

ಈ ಕಾಯಿಲೆಗೆ ಮೊದಲ ಗುಣ ಕಂಡುಹಿಡಿದವನು ಡೆನ್ಮಾರ್ಕಿನ ಕೋಲ್ಡಿಂಗ್ ಎಂಬ ಊರಿನ ಪಶುವೈದ್ಯ ಸ್ಮಿತ್. ಕೆಚ್ಚಲಿನಲ್ಲಿ ವಿಷ ಹುಟ್ಟುತ್ತದೆ ಎಂದು ಅವನ ನಂಬಿಕೆ. 1897ರಲ್ಲಿ ಕೆಚ್ಚಲಿನೊಳಕ್ಕೆ ಔಷಧದ ದ್ರಾವಣ ತುಂಬಿಸಿದ. ಸಾಯುತ್ತಿದ್ದ ಹಸುಗಳು ಬದುಕಿದವು. ಕೆಲವೇ ವರ್ಷಗಳಲ್ಲಿ ಇನ್ನೊಂದು ಸಂಗತಿ ತಿಳಿಯಿತು: ಔಷಧವೇ ಬೇಡ, ಕೆಚ್ಚಲಿಗೆ ಬರೀ ಗಾಳಿ ತುಂಬಿದರೂ ಹಸು ಏಳುತ್ತದೆ! ವಿಷವೂ ಇರಲಿಲ್ಲ, ಔಷಧದ ಮಹಿಮೆಯೂ ಇರಲಿಲ್ಲ. ಒತ್ತಡದಿಂದ ಹಾಲು ಇಳಿಯುವುದು ನಿಂತು, ಸುಣ್ಣದ ಅಂಶ ರಕ್ತದಲ್ಲೇ ಉಳಿಯುತ್ತಿತ್ತು. ಕ್ಯಾಲ್ಸಿಯಂ ಕೊರತೆಯೇ ಮೂಲ ಎಂದು ಸ್ಕಾಟ್ಲೆಂಡಿನ ಡ್ರೈಯರ್ ಮತ್ತು ಗ್ರೇಗ್ ಹೇಳಿದ್ದು 1925ರಲ್ಲಿ. ಸರಿಯಾದ ಕಾರಣ ತಿಳಿದ ಮೇಲೆಯೇ ಸರಿಯಾದ ಮದ್ದು ಬಂತು. ಗುಣವಾಯಿತು ಎಂದು ಅಲ್ಲಿಗೇ ಸುಮ್ಮನಾಗಿದ್ದರೆ ಇಂದಿಗೂ ನಾವು ಕೆಚ್ಚಲಿಗೆ ಗಾಳಿ ಹೊಡೆಯುತ್ತಿದ್ದೆವು.

ಕಾರಣ ತಿಳಿಯದೆ ನೀವುತ್ತ ಕೂತರೆ ಸಮಯ ಹೋಗುವುದೂ ಉಂಟು. ಮಳೆಗಾಲದ ಆರಂಭದಲ್ಲಿ ಮೈತುಂಬಿಕೊಂಡ ಎಳೆಯ ಹೋರಿಯೋ ಕಡಸೋ ಒಮ್ಮೆಲೇ ಕುಂಟತೊಡಗುತ್ತದೆ. ತೊಡೆಯ ಮೇಲೆ ಬಾವು. ಒತ್ತಿದರೆ ಒಳಗೆ ಗಾಳಿ ತುಂಬಿದಂತೆ ಚರಚರ ಎನ್ನುತ್ತದೆ. ಅದು ಚಪ್ಪೆ ರೋಗ. ಮಣ್ಣಿನಲ್ಲಿ ವರ್ಷಗಟ್ಟಲೆ ಬದುಕಿರಬಲ್ಲ ಬ್ಯಾಕ್ಟೀರಿಯಾದಿಂದ ಬರುವಂಥದ್ದು. ಒಂದೆರಡು ದಿನದಲ್ಲಿ ಪ್ರಾಣ ಹೋಗುತ್ತದೆ. ಆ ಒಂದೆರಡು ದಿನವನ್ನು ಉಳುಕು ತೆಗೆಸುವುದರಲ್ಲಿ ಕಳೆದವರು ಅನೇಕರು. ಮಳೆಗೆ ಮುಂಚೆ ವರ್ಷಕ್ಕೊಂದು ಲಸಿಕೆ ಹಾಕಿಸಿದ್ದರೆ ಈ ಮಾತೇ ಇರುತ್ತಿರಲಿಲ್ಲ.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಇಂದು ಒಂದೇ ದಾವಣಗೆರೆ ಜಿಲ್ಲೆಯಲ್ಲಿವೆ. 1997ರಲ್ಲಿ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಗಿ ತಾಲೂಕಾಯಿತು. ಜಿಲ್ಲೆ ಒಂದಾದರೂ ನೆಲ ಒಂದೇ ಅಲ್ಲ. ಹಾಗೆಯೇ ಒಂದೊಂದು ಕಡೆಯ ಕುಂಟಿಗೂ ಒಂದೊಂದು ಕಾರಣ ಮುಂದೆ ನಿಲ್ಲುತ್ತದೆ.

ಹೊನ್ನಾಳಿಯಲ್ಲಿ ತುಂಗಭದ್ರೆಯ ದಂಡೆ, ನಾಲೆಯ ನೀರು, ಭತ್ತದ ಗದ್ದೆ. ಕೆಸರಿನಲ್ಲಿ ದಿನಗಟ್ಟಲೆ ನಿಂತ ಗೊರಸು ಮೆತ್ತಗಾಗುತ್ತದೆ. ಎರಡು ಗೊರಸುಗಳ ಸಂದಿನಲ್ಲಿ ಬಿರುಕು ಬಿಟ್ಟು ಕೀವಾಗುತ್ತದೆ. ಎತ್ತು ಕುಂಟುತ್ತದೆ; ನಾವು ಸೊಂಟ ನೋಡುತ್ತೇವೆ. ಕಾಲೆತ್ತಿಸಿ ಗೊರಸು ತೊಳೆದು ನೋಡಿದರೆ ಒಂದು ಮುಳ್ಳೋ ಕಲ್ಲೋ ಹುಣ್ಣೋ ಸಿಕ್ಕೀತು. ದನಗಳ ಕುಂಟಿನಲ್ಲಿ ಬಹುಪಾಲು ಗೊರಸಿನಲ್ಲೇ ಇರುತ್ತದೆ ಎಂಬುದು ಪಶುವೈದ್ಯರು ಮೊದಲು ಕಲಿಯುವ ಪಾಠ.

ಎರಡನೆಯದು ನೊಗ. ನಮಗೆ ಭುಜವನ್ನು ಎದೆಗೂಡಿಗೆ ಜೋಡಿಸುವ ಕೊರಳೆಲುಬು ಇದೆ. ಎತ್ತಿಗೆ ಅದಿಲ್ಲ. ಅದರ ಮುಂಗಾಲುಗಳು ಮೈಗೆ ಅಂಟಿರುವುದು ಬರೀ ಸ್ನಾಯುಗಳಿಂದ. ಗಾಡಿಯ ಭಾರವೆಲ್ಲ ಹಿಣಿಲಿನ ಮುಂದಿನ ಅಂಗೈ ಅಗಲದ ಜಾಗದ ಮೇಲೆ ಬೀಳುತ್ತದೆ. ಗಂಟುಗಂಟಾದ ನೊಗ, ಎತ್ತರ ಸಮವಿಲ್ಲದ ಜೋಡಿ, ಹಿಂದೆ ಮುಂದೆ ತೂಗದ ಹೇರು ಇವು ಸೇರಿದರೆ ಹೆಗಲಿಗೆ ಬಾವು, ಬೆನ್ನಿಗೆ ಬಿಗಿತ. ಬೆಂಗಳೂರಿನ ಭಾರತೀಯ ವ್ಯವಸ್ಥಾಪನಾ ಸಂಸ್ಥೆಯ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ ಅವರು ಎತ್ತಿನ ಗಾಡಿಯನ್ನೇ ತಮ್ಮ ಅಧ್ಯಯನದ ವಸ್ತು ಮಾಡಿಕೊಂಡಿದ್ದರು. ದೊಡ್ಡ ದೊಡ್ಡ ಕಾರ್ಖಾನೆಗಳ ಆಡಳಿತ ಕಲಿಸುವ ಸಂಸ್ಥೆಯಲ್ಲಿ ಕೂತು, ದೇಶದ ಸಾಗಾಟ ಎತ್ತಿನ ಹೆಗಲ ಮೇಲೆ ನಡೆದಿದೆ, ಆ ಹೆಗಲು ಹುಣ್ಣಾಗಿದೆ ಎಂದು ಹೇಳಿದವರು ಅವರು. ಮುಂದೆ ಕಾರ್ಟ್‌ಮನ್ ಎಂಬ ಸಂಸ್ಥೆಯನ್ನೂ ಕಟ್ಟಿದರು. ಬೆನ್ನಿಗೆ ಚಿಕಿತ್ಸೆ ಹುಡುಕುವ ಮೊದಲು ನೊಗವನ್ನು ನೋಡಿ ಎಂಬುದೇ ಅವರ ಕೆಲಸದಿಂದ ನಾವು ಕಲಿಯಬೇಕಾದ್ದು.

ಇದಕ್ಕೆ ಕಾನೂನೂ ಇದೆ. ಗಾಡಿ ಎಳೆಯುವ, ಹೇರು ಹೊರುವ ಪ್ರಾಣಿಗಳ ಬಗ್ಗೆ 1965ರಲ್ಲಿ ಬಂದ ನಿಯಮಗಳ ಪ್ರಕಾರ ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ವಿರಾಮವಿಲ್ಲದೆ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ. ಬಿಸಿಲು 37 ಡಿಗ್ರಿ ಸೆಲ್ಸಿಯಸ್ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡುವಂತಿಲ್ಲ. ಹಿರಿಯರು 'ಎತ್ತು ಬಿಡುವ ಹೊತ್ತು' ಎಂದು ಪಾಲಿಸುತ್ತಿದ್ದುದು ಇದನ್ನೇ.

ನ್ಯಾಮತಿಯ ಕಡೆ ದೀಪಾವಳಿ ಎಂದರೆ ಹೋರಿ ಹಬ್ಬ. ಕೊಬ್ಬರಿ ಹಾರ, ಬಲೂನು ಕಟ್ಟಿಸಿಕೊಂಡು ಜನರ ನಡುವೆ ಓಡುವ ಹೋರಿಯನ್ನು ಮನೆಮಗನಂತೆ ಸಾಕುತ್ತಾರೆ. ಆದರೆ ಗಟ್ಟಿ ನೆಲದಲ್ಲಿ ಒಮ್ಮೆಗೇ ಓಡಿ, ಒಮ್ಮೆಗೇ ತಿರುಗಿ ಉಳುಕಿಸಿಕೊಳ್ಳುವುದು, ಬಿದ್ದು ಪೆಟ್ಟು ಮಾಡಿಕೊಳ್ಳುವುದು ಉಂಟು. ನಿಜವಾದ ಉಳುಕಿಗೆ ಬೇಕಾದದ್ದು ವಿಶ್ರಾಂತಿ. ಮೊದಲ ದಿನ ತಣ್ಣೀರಿನ ಪಟ್ಟಿ, ಮೆತ್ತನೆಯ ಹಾಸು, ಕೆಲವು ದಿನ ಕೆಲಸಕ್ಕೆ ರಜೆ. ಪೆಟ್ಟಾದ ದಿನವೇ ಜೋರಾಗಿ ತಿಕ್ಕಿದರೆ ಬಾವು ಇನ್ನೂ ಏರುತ್ತದೆ.

ನಮ್ಮ ಹುಡುಗ ಬರೆದ ಲಕ್ಷಣ ಮಾತ್ರ ಉಳುಕಿನದಲ್ಲ ಎಂದು ತೋರುತ್ತದೆ. ಹಿಂಗಾಲು ಹಿಂದಕ್ಕೆ ಚಾಚಿ ಸಿಕ್ಕಿಹಾಕಿಕೊಳ್ಳುವುದು, ಗೊರಸಿನ ತುದಿ ನೆಲಕ್ಕೆ ಉಜ್ಜುವುದು, ಆಮೇಲೆ ಝಾಡಿಸಿದಂತೆ ಬಿಡಿಸಿಕೊಳ್ಳುವುದು - ಇದು ಮಂಡಿಚಿಪ್ಪು ಸಿಕ್ಕಿಕೊಳ್ಳುವ ತೊಂದರೆಯ ಗುರುತು. ನಮ್ಮ ದೇಶದ ಎತ್ತು, ಎಮ್ಮೆಗಳಲ್ಲಿ ಇದು ಸಾಮಾನ್ಯ. ದನಗಳ ಮಂಡಿಚಿಪ್ಪನ್ನು ಮೂರು ಗಟ್ಟಿ ಪಟ್ಟಿಗಳು ಕೆಳಗಿನ ಎಲುಬಿಗೆ ಹಿಡಿದಿರುತ್ತವೆ. ಒಳಗಡೆಯ ಪಟ್ಟಿ ತೊಡೆ ಎಲುಬಿನ ಏಣಿನ ಮೇಲೆ ಕೊಕ್ಕೆ ಹಾಕಿದಂತೆ ಸಿಕ್ಕಿಕೊಂಡಾಗ ಕಾಲು ಮಡಚಲು ಬರುವುದಿಲ್ಲ. ನೋಡಿದವರಿಗೆ ಸೊಂಟದ ಕೀಲು ಜಾರಿದಂತೆಯೇ ಕಾಣುತ್ತದೆ. ಆದ್ದರಿಂದಲೇ ಎಷ್ಟೋ ಎತ್ತುಗಳ ಚಪ್ಪೆಯ ಮೇಲೆ ಬರೆಯ ಗೆರೆಗಳು! ಬರೆಯಿಂದ ಆ ಕೊಕ್ಕೆ ಬಿಡುವುದಿಲ್ಲ. ಬೆನ್ನು ಒತ್ತಿದರೂ ಬಿಡುವುದಿಲ್ಲ. ಪಶುವೈದ್ಯರು ಆ ಜಾಗಕ್ಕೆ ಮಾತ್ರ ಅರಿವಳಿಕೆ ಕೊಟ್ಟು, ಚಿಕ್ಕದೊಂದು ಗಾಯ ಮಾಡಿ, ಒಳಗಡೆಯ ಆ ಒಂದು ಪಟ್ಟಿಯನ್ನು ಕತ್ತರಿಸುತ್ತಾರೆ. ಕೆಲವೇ ನಿಮಿಷಗಳ ಕೆಲಸ. ಅನೇಕ ಎತ್ತುಗಳು ಅಲ್ಲಿಯೇ ನೆಟ್ಟಗೆ ಹೆಜ್ಜೆ ಹಾಕುತ್ತವೆ. ಗಾಯ ಮಾಯುವವರೆಗೆ ಒಂದಿಷ್ಟು ದಿನ ಆರೈಕೆ, ಅಷ್ಟೆ. ಕಣ್ಣಾರೆ ನೋಡದೆ ಇದೇ ರೋಗ ಎಂದು ಹೇಳುವುದು ಸರಿಯಲ್ಲ. ಆದರೆ ಸಂತೆಗೆ ಹೊಡೆಯುವ ಮೊದಲು ಒಮ್ಮೆ ತೋರಿಸಲೇಬೇಕಾದ ಕಾಲು ಇದು.

ಕೊನೆಗೆ ಜಗಳೂರು. ನಾಲ್ಕರಲ್ಲಿ ಒಣನೆಲ ಇದು. ಇಲ್ಲಿನ ಹಲವು ಹಳ್ಳಿಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎಂದು ಭಾರತೀಯ ಮಾನಕ ಹೇಳುತ್ತದೆ. ಅದಕ್ಕಿಂತ ಹೆಚ್ಚಿನ ನೀರನ್ನು ವರ್ಷಗಟ್ಟಲೆ ಕುಡಿದರೆ ಫ್ಲೋರೈಡ್ ಎಲುಬಿನಲ್ಲಿ ಕೂಡುತ್ತ ಹೋಗುತ್ತದೆ. ಎಲುಬು ದಪ್ಪವಾಗಿ ಗಂಟು ಬೆಳೆಯುತ್ತದೆ, ಕೀಲು ಬಿಗಿಯುತ್ತದೆ, ದನ ಮರದ ಗೊಂಬೆಯಂತೆ ಹೆಜ್ಜೆ ಇಡುತ್ತದೆ. ಎಳೆಗರುವಾಗಿದ್ದಾಗಿನಿಂದ ಅದೇ ನೀರು ಕುಡಿದದ್ದಾದರೆ ಕೆಳದವಡೆಯ ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆ ಕಾಣುತ್ತದೆ. ಇಂತಹ ಎತ್ತಿನ ಬೆನ್ನನ್ನು ಯಾರು ಎಷ್ಟು ಒತ್ತಿದರೇನು? ರೋಗ ಇರುವುದು ತೊಟ್ಟಿಯಲ್ಲಿ.

ಇಲ್ಲಿ ನಮ್ಮ ದೇಶದ ಒಂದು ಹಳೆಯ ಸಂಗತಿ ನೆನಪಿಗೆ ಬರುತ್ತದೆ. 1937ರಲ್ಲಿ ಆಗಿನ ಮದರಾಸು ಪ್ರಾಂತದ ನೆಲ್ಲೂರು ಜಿಲ್ಲೆಯ ಜನರಲ್ಲಿ ಎಲುಬಿನ ಫ್ಲೋರೋಸಿಸ್ ರೋಗವನ್ನು ವೈದ್ಯರು ಗುರುತಿಸಿದರು. ಅದಕ್ಕೂ ಮುಂಚೆ, 1930ರ ದಶಕದ ಆರಂಭದಲ್ಲೇ, ದಕ್ಷಿಣ ಭಾರತದಲ್ಲಿ ದನಗಳಲ್ಲಿ ಅದೇ ರೋಗ ಕಂಡುಬಂದಿತ್ತು. ಎತ್ತುಗಳು ಕೀಲು ಬಿಗಿದು ನಡೆಯಲಾರದೆ ನಿಲ್ಲುವುದನ್ನು ಮೊದಲು ಗಮನಿಸಿದವರು ರೈತರು. ಅಂದರೆ ಮನುಷ್ಯನಿಗೆ ಬರಲಿರುವ ಸುದ್ದಿಯನ್ನು ಎತ್ತು ಮೊದಲೇ ಹೇಳಿತ್ತು. ದಿನಕ್ಕೆ ನಲವತ್ತು ಐವತ್ತು ಲೀಟರ್ ನೀರು ಕುಡಿಯುವ ಪ್ರಾಣಿ ಅದು. ಊರಿನ ನೀರಿನ ಲೆಕ್ಕ ಅದರ ಎಲುಬಿನಲ್ಲಿ ಬರೆದಿರುತ್ತದೆ.

ತಂದೆ ತಾಯಂದಿರು ಇದನ್ನು ಮನಸ್ಸಿಟ್ಟು ಓದಬೇಕು. ಶಾಶ್ವತ ಹಲ್ಲುಗಳು ಒಳಗೆ ರೂಪುಗೊಳ್ಳುವ ವಯಸ್ಸಿನಲ್ಲಿ, ಅಂದರೆ ಸುಮಾರು ಎಂಟು ವರ್ಷದೊಳಗೆ, ಮಕ್ಕಳು ಈ ನೀರು ಕುಡಿದರೆ ಹಲ್ಲಿನ ಮೇಲೆ ಹಳದಿ, ಕಂದು ಕಲೆ ನಿಲ್ಲುತ್ತದೆ. ಉಜ್ಜಿದರೆ ಹೋಗುವುದಿಲ್ಲ. ಎಲುಬಿನಲ್ಲಿ ಕೂಡಿದ್ದನ್ನು ತೆಗೆಯುವ ಮದ್ದಿಲ್ಲ. ನೀರು ಬದಲಿಸುವುದೊಂದೇ ದಾರಿ. ಈಗ ಅನೇಕ ಹಳ್ಳಿಗಳಲ್ಲಿ ಶುದ್ಧ ನೀರಿನ ಘಟಕಗಳಿವೆ. ಮನೆಯವರು ಕ್ಯಾನಿನಲ್ಲಿ ನೀರು ತರುತ್ತಾರೆ, ದನಕ್ಕೆ ಕೊಳವೆಬಾವಿಯ ನೀರೇ ಗತಿ. ತುಂಗಭದ್ರೆಯಿಂದ ಜಗಳೂರಿನ 57 ಕೆರೆಗಳಿಗೆ ನೀರು ತುಂಬಿಸುವ ಯೋಜನೆಗೆ ಜನ ವರ್ಷಗಟ್ಟಲೆ ಕಾದದ್ದು ಬೆಳೆಗಾಗಿ ಮಾತ್ರವಲ್ಲ. ಕೆರೆಯ ನೀರು, ಮಳೆಯ ನೀರು ಸಿಗುವ ಕಡೆ ಮೊದಲು ಕರುಗಳಿಗೆ ಅದನ್ನು ಕುಡಿಸಿ.

ಈಗ 'ಸಮಗ್ರ ಆರೋಗ್ಯ' ಎಂಬ ಮಾತಿಗೆ ಬರೋಣ. ಕೈರೋಪ್ರ್ಯಾಕ್ಟಿಕ್ ಮಾಡುವವರು ತಮ್ಮದು ಪ್ರಾಣಿಯ ಸಮಗ್ರ ಆರೋಗ್ಯದ ಒಂದು ಭಾಗ ಎನ್ನುತ್ತಾರೆ. ಮಾತು ಒಳ್ಳೆಯದೇ. ಆದರೆ ಸಮಗ್ರ ಎಂದರೆ ಔಷಧ ಬಿಟ್ಟು ಬೇರೇನೋ ಮಾಡುವುದು ಎಂದಲ್ಲ. ಬೆನ್ನಿನ ನೋವಿಗೆ ಬೆನ್ನನ್ನು ಮಾತ್ರ ನೋಡದೆ ಗೊರಸು, ನೊಗ, ನೆಲ, ಮೇವು, ಲಸಿಕೆ, ನೀರು ಎಲ್ಲವನ್ನೂ ನೋಡುವುದು ಎಂದು ಅರ್ಥ. ಎಲ್ಲವನ್ನೂ ನೋಡಿ, ಕಾರಣ ಗೊತ್ತಾಗಿ, ಉಳಿದದ್ದು ಸ್ನಾಯುವಿನ ಬಿಗಿತ ಮಾತ್ರ ಎಂದಾದರೆ ತರಬೇತಿ ಪಡೆದ ಕೈ ಅದನ್ನು ಸಡಿಲಿಸಲಿ. ಬ್ರಿಟನ್ನಿನಲ್ಲಿ 2015ರ ಕಾನೂನು ಆದೇಶವೂ ಇದನ್ನೇ ಹೇಳುತ್ತದೆ: ಪಶುವೈದ್ಯರು ಮೊದಲು ಪರೀಕ್ಷಿಸಿ ಸೂಚಿಸಿದ ಮೇಲೆಯೇ ಬೇರೆಯವರು ಪ್ರಾಣಿಗೆ ಇಂತಹ ಕೈಚಿಕಿತ್ಸೆ ಮಾಡಬೇಕು. ನಮ್ಮಲ್ಲಿಯೂ 1984ರ ಭಾರತೀಯ ಪಶುವೈದ್ಯ ಪರಿಷತ್ತಿನ ಕಾಯ್ದೆಯಂತೆ ಪಶುವೈದ್ಯ ವೃತ್ತಿ ನಡೆಸಲು ನೋಂದಣಿ ಬೇಕು.

ಹಾಗಾದರೆ ಹುಡುಗನ ಕೈಗೆ ಕೆಲಸವೇ ಇಲ್ಲವೇ? ಇದೆ, ದೊಡ್ಡದೇ ಇದೆ. ದಿನಕ್ಕೆ ಐದು ನಿಮಿಷ, ಹಿರಿಯರು ಪಕ್ಕದಲ್ಲಿರುವಾಗ, ಎತ್ತಿಗೆ ನೀನು ಬಂದದ್ದು ಗೊತ್ತಾಗುವಂತೆ ಮಾತಾಡಿಸಿ, ಹೆಗಲಿನಿಂದ ಆರಂಭಿಸಿ ಬೆನ್ನುದ್ದಕ್ಕೂ ಅಂಗೈ ಆಡಿಸು. ಒತ್ತಬೇಡ, ಕೇಳು. ಎಲ್ಲಿ ಬಿಸಿ? ಎಲ್ಲಿ ಚರ್ಮ ನಡುಗಿತು? ಎಡಕ್ಕೂ ಬಲಕ್ಕೂ ಏನು ವ್ಯತ್ಯಾಸ? ನಡೆಯುವಾಗ ತಲೆ ಯಾವ ಹೆಜ್ಜೆಗೆ ಮೇಲೇಳುತ್ತದೆ? ದನ ನರಳಿ ಹೇಳುವ ಪ್ರಾಣಿಯಲ್ಲ. ಹುಲಿ, ತೋಳಗಳ ನಡುವೆ ಬಾಳಿ ಬಂದ ಕುಲ ಅದು. ನೋವನ್ನು ಮುಚ್ಚಿಟ್ಟುಕೊಳ್ಳುವುದು ಅದರ ರಕ್ತದಲ್ಲಿದೆ. ನೀನು ಕಂಡದ್ದನ್ನು ತಾರೀಖು ಹಾಕಿ ನೋಟ್‌ಬುಕ್ಕಿನಲ್ಲಿ ಬರೆ. ನಡಿಗೆಯನ್ನು ಅದೇ ಫೋನಿನಲ್ಲಿ ಚಿತ್ರೀಕರಿಸಿಕೋ. ವೈದ್ಯರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ.

ಒಂದು ಎಚ್ಚರಿಕೆ. ದನ ಜೊಲ್ಲು ಸುರಿಸುತ್ತ, ಹಿಂಗಾಲು ತಡವರಿಸುತ್ತ, ವಿಚಿತ್ರವಾಗಿ ಕೂಗುತ್ತಿದ್ದರೆ ಯಾವ ಕಾರಣಕ್ಕೂ ಬಾಯಿಗೆ ಕೈ ಹಾಕಬಾರದು. ಹುಚ್ಚುನಾಯಿ ಕಚ್ಚಿದ ದನದಲ್ಲಿ ಹೀಗಾಗುತ್ತದೆ. ದೂರ ನಿಲ್ಲಿಸಿ ಆಸ್ಪತ್ರೆಗೆ ತಿಳಿಸಬೇಕು. ಆಗಲೇ ಜೊಲ್ಲು ತಾಗಿದ್ದರೆ ಸೋಪು ಹಚ್ಚಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ತಡಮಾಡದೆ ವೈದ್ಯರನ್ನು ಕಾಣಬೇಕು.

ಇನ್ನು ಮನೆಯ ಮೂವರಿಗೂ ಮೂರು ಮಾತು. ಅಜ್ಜನಿಗೆ: ಉಳುಕು ತೆಗೆಯುವವರನ್ನು ಕರೆಸಿ, ಅವರ ಬೆರಳಿಗೆ ಏನು ತಿಳಿಯುತ್ತದೋ ಕೇಳಿ, ಆದರೆ ಬರೆ ಬೇಡ. ಅಪ್ಪನಿಗೆ: ಸಂತೆಯ ದಿನ ಒಂದು ವಾರ ಮುಂದಕ್ಕೆ ಹಾಕಿ. ಕುಂಟುವ ಎತ್ತಿಗೆ ಸಂತೆಯಲ್ಲಿ ಸಿಗುವ ಬೆಲೆ ನಿಮಗೇ ಗೊತ್ತು. ಹತ್ತು ನಿಮಿಷದಲ್ಲಿ ಸರಿಹೋಗಬಹುದಾದ ಕಾಲಿಗಾಗಿ ಜೋಡಿ ಮುರಿಯುವುದು ಲೆಕ್ಕಕ್ಕೂ ಒಗ್ಗದು. ತಾಲೂಕಿನ ದನದ ಆಸ್ಪತ್ರೆ ಇದೆ, 1962ಕ್ಕೆ ಫೋನ್ ಮಾಡಿದರೆ ಸಂಚಾರಿ ಪಶು ಚಿಕಿತ್ಸಾ ವಾಹನವಿದೆ, ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ. ಹುಡುಗನಿಗೆ: ವಿಡಿಯೋ ನೋಡಿ ಕೈ ಹಾಕದೆ ಮೊದಲು ಕೇಳಿದೆಯಲ್ಲ, ಅದು ಒಳ್ಳೆಯ ವೈದ್ಯನ ಗುಣ. ವೈದ್ಯರು ಬಂದಾಗ ಪಕ್ಕದಲ್ಲಿ ನಿಂತು ನೋಡು. ಆ ಎತ್ತು ನೆಟ್ಟಗೆ ನಾಲ್ಕು ಹೆಜ್ಜೆ ಹಾಕಿದ ದಿನ ಇನ್ನೊಂದು ಪತ್ರ ಬರೆ.